ಬೀಜ ಬಂದೈತಂತ

ಕತ್ತಲಾಗುತ್ತಿದ್ದಂತೆ ಅವ್ವ ಮಾಳಿಗೆ ಹತ್ತಿ ಉತ್ತರ ದಿಕ್ಕಿಗೆ ನೋಡುತ್ತಿದ್ದಳು. ನಮ್ಮ ಹೊಲದ ಆಚೆ ಹಳ್ಳ, ಹಳ್ಳದ ಆಚೆ ಮಹಾರಾಷ್ಟ್ರ. ಅಲ್ಲಿ ದೀಪ ಕಂಡರೆ ಕೆಳಗಿಳಿದು, "ಅವರಿಗೈತಿ, ನಮಗಿಲ್ಲ" ಎಂದು ಕಂದೀಲಿನ ಗಾಜು ಒರೆಸುತ್ತ ಕೂಡುವಳು. ಎಪ್ಪತ್ತರ ದಶಕದ ನಡುವಿನ ಆ ಬೇಸಿಗೆಯಲ್ಲಿ, ಹೊರ್ತಿಯಿಂದ ಒಳಗಿದ್ದ ನಮ್ಮ ಹಳ್ಳಿಗೆ ಕರೆಂಟು ಬರುವುದೆಂದರೆ ಮುನಿಸಿಕೊಂಡ ಬೀಗರು ಬಂದ ಹಾಗೆ. ಬರುತ್ತೇನೆಂದ ದಿನ ಬರುತ್ತಿರಲಿಲ್ಲ, ಬಂದರೆ ನಿಲ್ಲುತ್ತಿರಲಿಲ್ಲ. ಅಣೆಕಟ್ಟಿನಲ್ಲಿ ನೀರಿಲ್ಲ ಎಂದು ರೇಡಿಯೋ ಹೇಳುತ್ತಿತ್ತು. ನಾವಂತೂ ಲೈನಿನ ಕಟ್ಟಕಡೆಯವರು. ನಮ್ಮ ತನಕ ಮುಟ್ಟಿದ್ದು ಬಲ್ಬಿನೊಳಗಿನ ತಂತಿ ಕೆಂಪಗಾಗಲು ಸಾಕಾಗುತ್ತಿತ್ತೇ ಹೊರತು ಗಿರಣಿಯ ಕಲ್ಲು ತಿರುಗಲು ಅಲ್ಲ.

ಅದೇ ಬೇಸಿಗೆಗೆ ನನ್ನ ಮದುವೆ ಗೊತ್ತಾಗಿತ್ತು. ವರ ಸಿಂದಗಿಯವರು. ನೋಡಲು ಬಂದ ದಿನ ಬಸಿಯಲ್ಲಿ ಚಹಾ ಕುಡಿಯುತ್ತ ಧೋತರದ ಮೇಲೆ ಚೆಲ್ಲಿಕೊಂಡು, ಹಿರಿಯರು ಯಾರೂ ನೋಡಲಿಲ್ಲವಲ್ಲ ಎಂದು ಸುತ್ತ ಕಣ್ಣಾಡಿಸಿದರು. ನಾನು ನೋಡಿದ್ದೆ. ಅಷ್ಟಕ್ಕೇ ನನಗೆ ಮನಸ್ಸಾಗಿಬಿಟ್ಟಿತು.

ನಮ್ಮ ಕಡೆ ಮದುವೆಯ ಊಟವೆಂದರೆ ಮಾದಲಿಯೆಂಬ ಬೆಲ್ಲದ ಸಿಹಿ. ಅದಕ್ಕೆ ಗೋಧಿಯನ್ನು ತರಿತರಿಯಾಗಿ ಗಿರಣಿಯಲ್ಲಿ ಒಡೆಸಬೇಕು. ಊರಿನ ಗಿರಣಿ ಬಾಗಿಲು ತೆರೆದರೂ ಕಲ್ಲು ತಿರುಗುತ್ತಿರಲಿಲ್ಲ. ಇಂಡಿಗೆ ಹೋದರೆ ಅಲ್ಲಿಯೂ ಇದೇ ಹಾಡು, ಪಾಳಿ ಹಿಡಿದ ಡಬ್ಬಿಗಳ ಸಾಲು ರಸ್ತೆಯ ತನಕ. ಊರಿಗೆ ಗಿರಣಿ ಬಂದ ಮೇಲೆ ಮನೆಯ ಬೀಸುಕಲ್ಲಿಗೆ ಯಾರೂ ಉಳಿಯಿಂದ ಹಲ್ಲು ಹಾಕಿಸಿರಲಿಲ್ಲ. ಅದು ಕಾಳನ್ನು ಒಡೆಯದೆ ಬರೀ ಸವರಿ ಬಿಡುತ್ತಿತ್ತು. ಕಡೆಗೆ ಅಪ್ಪ, ಮದುವೆಯನ್ನು ದೀಪಾವಳಿಯ ಆಚೆಗೆ ನೂಕೋಣ ಎಂಬ ಮಾತು ತೆಗೆದ. ಒಳಗೆ ರೊಟ್ಟಿ ಬಡಿಯುತ್ತಿದ್ದ ನನ್ನ ಕೈ ನಿಂತಿತು. ಅಷ್ಟು ತಿಂಗಳಲ್ಲಿ ಅವರಿಗೆ ಬೇರೆ ಹೆಣ್ಣು ತೋರಿಸುವವರು ಕಡಿಮೆಯೇ? ಆದರೆ ಇಂಥದ್ದನ್ನೆಲ್ಲ ಮದುಮಗಳು ಬಾಯಿಬಿಟ್ಟು ಕೇಳುವ ಕಾಲ ಅದಾಗಿರಲಿಲ್ಲ.

ಹಳ್ಳದಾಚೆಯ ಊರಿಗೆ ಅಪ್ಪನ ತಂಗಿಯನ್ನು, ಅಂದರೆ ನನ್ನ ಅತ್ತೆಯನ್ನು ಕೊಟ್ಟಿತ್ತು. ಆ ಸರ್ಕಾರದ ಕರೆಂಟು ಬೇರೆ, ಅವರ ಪಾಳಿ ಬೇರೆ. ಅಲ್ಲಿಯ ಗಿರಣಿ ದಿನಪೂರ್ತಿ ನಡೆಯುವ ದಿನ ಹೇಳಿ ಕಳಿಸು, ಗೋಧಿ ಹೇರಿಕೊಂಡು ಬರುತ್ತೇವೆ ಎಂದು ಅಪ್ಪ ಹೇಳಿದ್ದ. ಅದೇ ಉಸಿರಿನಲ್ಲಿ, ಒಳ್ಳೆಯ ಸಜ್ಜೆಯ ಬೀಜ ಸಿಕ್ಕರೂ ನೋಡು ಎಂದಿದ್ದ. ಎಡವಟ್ಟಿಗೆ ದಾರಿಯಾದದ್ದು ಆ ಎರಡನೆಯ ಮಾತು.

ಒಂದು ಬೆಳಿಗ್ಗೆ ಆ ಊರಿನ ಹಾಲಿನವನು ಹೊರ್ತಿಗೆ ಹೋಗುತ್ತ ನಮ್ಮ ಬಾಗಿಲಲ್ಲಿ ಸೈಕಲ್ ನಿಲ್ಲಿಸಿ, "ವೀಜ ಆಲೀಯ, ಲವಕರ ಯಾ" ಎಂದು ಕೂಗಿ ಹೋದ. ಕರೆಂಟು ಬಂದಿದೆ, ಬೇಗ ಬನ್ನಿ ಎಂದು ಅದರ ಅರ್ಥ. ಮನೆಯಲ್ಲಿ ಎಲ್ಲರಿಗೂ ಮರಾಠಿ ಬರುತ್ತಿತ್ತು, ಹೊಸದಾಗಿ ಬಂದಿದ್ದ ಅಣ್ಣನ ಹೆಂಡತಿ ಒಬ್ಬಳನ್ನು ಬಿಟ್ಟು. ನಮ್ಮ ವೈನಿ ಮುದ್ದೇಬಿಹಾಳದ ಕಡೆಯವಳು, ಬಂತು, ಬೇಗ ಬಾ ಅನ್ನುವಂಥ ನಾಲ್ಕು ಮಾತು ಮಾತ್ರ ಕಲಿತಿದ್ದಳು. ಆ ಹೊತ್ತಿಗೆ ಬಾಗಿಲಲ್ಲಿದ್ದವಳು ಅವಳೇ. ಪಾಪ, ಮರಾಠಿ ಮನುಷ್ಯ, ಬೀಜ ಅನ್ನಲು ನಾಲಿಗೆ ಹೊರಳುವುದಿಲ್ಲ ಎಂದುಕೊಂಡು, ಅವನ ಮಾತನ್ನು ತಾನೇ ತಿದ್ದಿ ಅಪ್ಪನಿಗೆ ಮುಟ್ಟಿಸಿದಳು.

"ಮಾವಾರ, ಬೀಜ ಬಂದೈತಂತ. ಲಗೂ ಬರಬೇಕಂತ್ರಿ."

ಅಪ್ಪ, ಅಣ್ಣ ಚಕ್ಕಡಿಯಲ್ಲಿ ಖಾಲಿ ಚೀಲ ಹಾಕಿಕೊಂಡು ಹೊರಟೇಬಿಟ್ಟರು. ಗೋಧಿ ಪಡಸಾಲೆಯಲ್ಲೇ ಉಳಿಯಿತು.

ಮಧ್ಯಾಹ್ನ ಹಾಲಿನವನು ತಿರುಗಿ ಬಂದ. ಪಡಸಾಲೆಯ ಚೀಲಗಳನ್ನು ನೋಡಿ, ಗೋಧಿ ಯಾಕೆ ಇಲ್ಲೇ ಇದೆ, ಗಿರಣಿ ಇವತ್ತೊಂದೇ ದಿನ ನಡೆಯುವುದು ಎಂದು ಅವ್ವನಿಗೆ ಹೇಳಿದ. ಆಗ ಎಲ್ಲ ಬಯಲಾಯಿತು. ವೈನಿ ಒಲೆಯ ಮುಂದೆ ಕುಸಿದು ಸೆರಗು ಬಾಯಿಗೆ ಒತ್ತಿಕೊಂಡಳು. ಅವ್ವ ಬಯ್ಯಲಿಲ್ಲ, ಗೋಧಿ ಚೀಲಗಳನ್ನು ಒಂದೊಂದಾಗಿ ಗೋಡೆಗೆ ಸರಿಸಿಟ್ಟಳು. ಬೈದಿದ್ದರೆ ಚೆನ್ನಾಗಿತ್ತು. ನನಗೂ ಸಿಟ್ಟು ಬಂದಿತ್ತು, ಸುಳ್ಳು ಯಾಕೆ ಹೇಳಲಿ. ಆದರೆ ಅವಳ ಮುಖ ನೋಡಿ ಸಿಟ್ಟು ಮಾಡಲೂ ಆಗಲಿಲ್ಲ. ಇಬ್ಬರೂ ಹೊತ್ತು ಮುಳುಗುವ ತನಕ ಒಂದೇ ಕಂಬಕ್ಕೆ ಒರಗಿ ಕೂತಿದ್ದೆವು.

ಖಾಲಿ ಚಕ್ಕಡಿ ಗಡಗಡ ಸದ್ದು ಮಾಡುತ್ತದೆ. ಹೇರು ತುಂಬಿದ್ದು ಮೆಲ್ಲಗೆ ಕಿರುಗುಟ್ಟುತ್ತ ಬರುತ್ತದೆ. ಆ ಸಂಜೆ ಮೊದಲು ಕಿವಿಗೊಟ್ಟವಳು ವೈನಿ. "ಹೇರೈತಿ," ಎಂದಳು. ಓಡಿ ಹೋಗಿ ನೋಡಿದರೆ ಅಣ್ಣನ ಮೀಸೆ, ಹುಬ್ಬು, ಎತ್ತಿನ ಬೆನ್ನು ಎಲ್ಲ ಹಿಟ್ಟು ಹಾರಿ ಬೆಳ್ಳಗೆ. ಚೀಲದ ತುಂಬ ಒಡೆಸಿದ ಗೋಧಿ.

ನಡೆದದ್ದನ್ನು ಅಣ್ಣ ಹೇಳಿದ. ಗೋಧಿ ಎಲ್ಲಿ ಎಂದು ಅತ್ತೆ ಕೇಳಿದಾಗ ಅಪ್ಪ ತಲೆ ಮೇಲೆ ಕೈ ಹೊತ್ತು ಕೂತನಂತೆ. ತಿರುಗಿ ಬಂದು ಒಯ್ಯುವಷ್ಟರಲ್ಲಿ ಕರೆಂಟು ಹೋಗುತ್ತಿತ್ತು. ಅತ್ತೆ ತನ್ನ ಕಣಜದ ಬಾಯಿ ತೆಗೆಸಿ ಖಾಲಿ ಚೀಲಗಳಿಗೆ ಗೋಧಿ ತುಂಬಿಸತೊಡಗಿದಳು. ತಂಗಿಯನ್ನು ಕೊಟ್ಟ ಮನೆಯಿಂದ ಕಾಳು ತರಲು ಅಪ್ಪ ಹಿಂದೆ ಮುಂದೆ ನೋಡಿದ.

"ಬೀಜ ಒಯ್ಯಾಕ ಬಂದೀಯಲ್ಲ ಅಣ್ಣಾ, ಬೀಜಾನ ಒಯ್ಯಿ," ಎಂದಳಂತೆ ಅತ್ತೆ. "ನನ್ನ ಸೊಸಿ ಮದಿವ್ಯಾಗ ನನ್ನ ಗೋಧಿ ಬ್ಯಾಡೇನು?"

ಚೀಲ ತುಂಬಿ, ಗಿರಣಿ ಮುಟ್ಟಿ, ಗೋಧಿ ಒಡೆಸಿ ಮುಗಿಸುವುದಕ್ಕೂ ಕರೆಂಟು ಹೋಗುವುದಕ್ಕೂ ಸರಿಹೋಯಿತು. ಒಡೆಯದೆ ಉಳಿಸಿದ ಒಂದಿಷ್ಟು ಕಾಳನ್ನು ಅತ್ತೆ ಕುಬಸದ ಬಟ್ಟೆಯಲ್ಲಿ ಕಟ್ಟಿ ಬೇರೆಯಾಗಿ ಕಳಿಸಿದ್ದಳು. ಅಪ್ಪ ಅದನ್ನು ನೇರ ವೈನಿಯ ಕೈಗೆ ಕೊಟ್ಟು, ತಗೋರಿ ನಿಮ್ಮ ಬೀಜ ಎಂದ. ಮೊದಲು ನಕ್ಕವಳು ಅವ್ವ. ಆ ನಗು ಕೇಳಿ ನನ್ನ ಎದೆಯ ಮೇಲಿನ ಕಲ್ಲು ಇಳಿಯಿತು. ವೈನಿಯಂತೂ ಬಿಕ್ಕಿ ಬಿಕ್ಕಿ ಅತ್ತಳು, ಹಗಲೆಲ್ಲ ತಡೆದಿದ್ದನ್ನು.

ಮದುವೆ ಗೊತ್ತಾದ ದಿನವೇ ಆಯಿತು. ಸಿಂದಗಿಯ ಹಿರಿಯರು ಮಾದಲಿಗೆ ಮೇಲೆ ಮೇಲೆ ತುಪ್ಪ ಹಾಕಿಸಿಕೊಂಡರು. ನನ್ನನ್ನು ಕಳಿಸುವಾಗ ಉಡಿ ತುಂಬಿದವಳು ವೈನಿ. ಅದೇ ಗಂಟು ಬಿಚ್ಚಿ, ಅದೇ ಗೋಧಿ ಸುರಿದು, ಕಿವಿಯ ಹತ್ತಿರ ಬಾಗಿ, "ನಾ ಬೀಜ ಅಂದಿದ್ನಿ. ಸುಳ್ಳಾತೇನು?" ಎಂದಳು.

ಉಡಿಯ ಕಾಳನ್ನು ಹುಗ್ಗಿ ಮಾಡಿ ಉಣ್ಣುವುದು ಪದ್ಧತಿ. ನಾನು ಒಂದು ಹಿಡಿ ಎತ್ತಿಟ್ಟೆ. ದಸರೆಯ ಮೇಲೆ ನನ್ನವರು ಅದನ್ನು ಬಾವಿಯ ದಂಡೆಯಲ್ಲಿ ಬಿತ್ತಿದರು. ಹಸಿರು ಮೇಲೆದ್ದ ದಿನ, ನಮ್ಮೂರ ಕಡೆ ಹೊರಟಿದ್ದವರೊಬ್ಬರನ್ನು ನಿಲ್ಲಿಸಿ, ಬೀಜ ಹುಟ್ಟ್ಯಾವ ಅಂತ ನಮ್ಮ ವೈನಿಗೆ ಹೇಳ್ರಿ ಎಂದೆ. ಏನು ಹೇಳುತ್ತೀರಿ, ಒಮ್ಮೆ ಅಂದು ತೋರಿಸಿರಿ ಎಂದು ಅವರ ಬಾಯಿಂದ ಹೇಳಿಸಿಯೇ ದಾರಿ ಬಿಟ್ಟೆ.