ಗುಂಡಿಯಮ್ಮ ಹೊರಗೆ ಹೋಗಿದ್ದಾಳೆ

ನನ್ನ ತಂಗಿಯನ್ನು ಬೀದಿಯವರೆಲ್ಲ ಗುಂಡಿಯಮ್ಮ ಎನ್ನುತ್ತಾರೆ. ಹೊಸಬರು ಇದನ್ನು ಕೇಳಿ, ಪಾಪ, ಯಾವ ಕಾಲದಲ್ಲೋ ಯಾವುದೋ ಗುಂಡಿಗೆ ಬಿದ್ದಿರಬೇಕು ಎಂದುಕೊಳ್ಳುವುದುಂಟು. ಬಿದ್ದದ್ದೇನೂ ಇಲ್ಲ. ಅವಳು ದರ್ಜಿ. ಯಾರ ಅಂಗಿಯ ಗುಂಡಿ ಕಿತ್ತುಹೋಗಿದ್ದರೂ ಅಂಗಿ ಬಿಚ್ಚಿಸದೆ, ನಿಲ್ಲಿಸಿಕೊಂಡೇ, ಅವರ ಮಾತು ಮುಗಿಯುವುದರೊಳಗೆ ಹೊಲಿದು, ಹಲ್ಲಿನಿಂದ ದಾರ ಕಡಿದು ಕಳಿಸುತ್ತಾಳೆ. ಒಮ್ಮೆ ಓಡುತ್ತಿದ್ದ ಬಸ್ಸಿನ ಕಂಡಕ್ಟರನಿಗೆ ಕಿಟಕಿಯಿಂದಲೇ ಗುಂಡಿ ಹಾಕಿದಳು ಎಂದು ನಾನು ಕಂಡವರಿಗೆಲ್ಲ ಹೇಳುತ್ತಿರುತ್ತೇನೆ. ಅವಳು ತಲೆ ಎತ್ತದೆ, “ಬಸ್ಸು ನಿಂತಿತ್ತು” ಅನ್ನುತ್ತಾಳೆ. ಒಳ್ಳೆಯ ಕಥೆಯನ್ನು ಕೆಡಿಸುವುದರಲ್ಲಿ ಅವಳನ್ನು ಮೀರಿಸುವವರಿಲ್ಲ.

ಅಂಗಡಿ ಅಂದರೆ ಬೀದಿಗೆ ಬಾಗಿಲಿರುವ ಒಂದು ಕೋಣೆ. ಎರಡು ಹೊಲಿಗೆ ಯಂತ್ರ, ಒಂದಾಳು ಎತ್ತರದ ಕನ್ನಡಿ, ಬಟ್ಟೆ ಹಾಕಿ ನೋಡಲು ಪರದೆ ಕಟ್ಟಿದ ಮೂಲೆ, ಗೋಡೆಗೆ ಒತ್ತಿ ಇಸ್ತ್ರಿ ಮೇಜು. ಒಂದು ಯಂತ್ರದಲ್ಲಿ ತಂಗಿ, ಇನ್ನೊಂದರಲ್ಲಿ ಅವಳ ಮಗಳು, ಅಂದರೆ ನನ್ನ ಸೋದರ ಸೊಸೆ. ಉಳಿದ ಒಂದು ಮುರುಕು ಕುರ್ಚಿಯಲ್ಲಿ ನಾನು. ನನ್ನ ಕೆಲಸ ಬಂದವರ ಜೊತೆ ಮಾತಾಡಿ ಅವರಿಗೆ ಹೊತ್ತು ಹೋಗಿದ್ದು ಗೊತ್ತಾಗದಂತೆ ನೋಡಿಕೊಳ್ಳುವುದು. ಇದಕ್ಕೆ ಒಂದು ಕಾರಣವೂ ಇದೆ.

ತಂಗಿಗೆ ಒಂದು ಕಾಯಿಲೆ. ಕೆಲಸದ ನಡುವೆ ಇದ್ದಕ್ಕಿದ್ದಂತೆ ಅವಳು ಅಲ್ಲಿರುವುದಿಲ್ಲ. ಮೈ ಕುರ್ಚಿಯಲ್ಲೇ ಇರುತ್ತದೆ, ಕಣ್ಣು ತೆರೆದೇ ಇರುತ್ತದೆ, ಕೈ ಮಾತ್ರ ನಿಂತುಬಿಡುತ್ತದೆ. ಆಗ ತನ್ನ ಕೈ ತನ್ನದಲ್ಲ ಅನಿಸುತ್ತದಂತೆ. ಕೋಣೆ, ಯಂತ್ರ, ನಾವೆಲ್ಲ ದಪ್ಪ ಗಾಜಿನ ಆಚೆ ಇದ್ದಂತೆ ಕಾಣುತ್ತೇವಂತೆ. ಬಿಸಿ ಚಹಾ ಕುಡಿಯುವ ಹದಕ್ಕೆ ಬರುವಷ್ಟರಲ್ಲಿ ಪಾದವನ್ನು ನೆಲಕ್ಕೆ ಒತ್ತುತ್ತಾಳೆ, ಕೈಗೆ ಸಿಕ್ಕ ಬಟ್ಟೆಯನ್ನು ಉಜ್ಜಿ ಉಜ್ಜಿ ನೋಡುತ್ತಾಳೆ, ವಾಪಸು ಬರುತ್ತಾಳೆ. ಹಾಗೆ ಒತ್ತಲು, ಉಜ್ಜಲು ಕಲಿಸಿದ್ದು ಡಾಕ್ಟರು. ಮಾತ್ರೆಯೂ ಇದೆ. ಯಾಕೆ ಹೀಗಾಯಿತು ಎಂದು ನಾನು ಕೇಳಿದ್ದಕ್ಕೆ ಡಾಕ್ಟರು, “ಒಂದೇ ಕಾರಣ ಅಂತ ಬೆರಳು ಮಾಡಿ ತೋರಿಸೋಕಾಗಲ್ಲ ಯಜಮಾನರೇ. ಹಳೇ ದುಃಖ, ನಿದ್ದೆಗೆಟ್ಟಿದ್ದು, ಒಂಟಿಯಾಗಿ ಎಳೆದ ಸಂಸಾರ, ಎಲ್ಲ ಸೇರಿರುತ್ತೆ” ಅಂದರು. ಸಿನಿಮಾದ ಡಾಕ್ಟರಾಗಿದ್ದರೆ ಕನ್ನಡಕ ತೆಗೆದು, ಕಿಟಕಿಯ ಕಡೆ ತಿರುಗಿ, ಬಾಲ್ಯದಲ್ಲಿ ಸುಟ್ಟುಹೋದ ಗೊಂಬೆಯೊಂದರ ಕಥೆ ಹೇಳುತ್ತಿದ್ದರು.

ಸಿನಿಮಾದ ವಿಷಯ ನನಗೆ ಹೇಳಿಕೊಡಬೇಕಾಗಿಲ್ಲ. ಬದುಕಿಡೀ ಚಿತ್ರಮಂದಿರದ ಕತ್ತಲಲ್ಲಿ ಟಾರ್ಚು ಹಿಡಿದು ಜನರಿಗೆ ಸೀಟು ತೋರಿಸಿದವನು ನಾನು. ಒಂದು ಸಲ ಪರದೆಯ ಮೇಲೆ ಮಳೆ ಎಷ್ಟು ಜೋರಾಗಿ ಬಂತೆಂದರೆ ಮುಂದಿನ ಸಾಲಿನವನಿಗೆ ನೆಗಡಿಯಾಗಿ, ಮ್ಯಾನೇಜರನ ಹತ್ತಿರ ಟವೆಲ್ ಕೇಳಿದ. ನಂಬದಿದ್ದರೆ ಬಿಡಿ, ಆ ಟವೆಲು ಈಗಲೂ ನನ್ನ ಹತ್ತಿರವೇ ಇದೆ. ಅಲ್ಲಿ ನಾನು ನೋಡಿದ ಹುಚ್ಚರಿಗೆ ಲೆಕ್ಕವಿಲ್ಲ. ತಲೆಗೊಂದು ಏಟು ಬಿದ್ದರೆ ಹುಚ್ಚು, ಇನ್ನೊಂದು ಏಟು ಬಿದ್ದರೆ ವಾಸಿ. ಹಾಗೆ ನೋಡಿದರೆ ನಮ್ಮ ಮನೆಯ ಗಿಡ್ಡ ಬಾಗಿಲಿಗೆ ತಲೆ ಬಡಿದು ಬಡಿದು ನಾನು ಈ ಹೊತ್ತಿಗೆ ಆಸ್ಪತ್ರೆಯನ್ನೇ ತೆರೆಯಬಹುದಿತ್ತು.

ಇರಲಿ, ತಂಗಿಯ ಮಾತಿಗೆ ಬರೋಣ. ಅವಳು ಹಾಗೆ ಕಲ್ಲಾಗಿ ಕೂತಾಗ ನಮ್ಮ ಮನೆಯಲ್ಲಿ ಒಂದು ಮಾತಿದೆ: “ಹೊರಗೆ ಹೋಗಿದ್ದಾಳೆ.” ಅಷ್ಟೇ. ಸಂತೆಗೆ ಹೋದಂತೆ, ನೀರು ತರಲು ಹೋದಂತೆ. ಹೋದವಳು ಬರುತ್ತಾಳೆ ಎಂಬುದು ಆ ಮಾತಿನೊಳಗೇ ಇದೆ. ಸೋದರ ಸೊಸೆ ಚಿಕ್ಕವಳಿದ್ದಾಗ ಅವಳಿಗೆ ಭಯವಾಗದಿರಲಿ ಎಂದು ತಂಗಿಯೇ ಮಾಡಿಕೊಟ್ಟ ಮಾತು ಅದು.

ಈ ಮಾತೇ ಎಡವಟ್ಟಿಗೆ ಮೂಲವಾಯಿತು.

ಅಂಗಡಿಯ ಮಹಡಿಯ ಮೇಲೆ ಒಬ್ಬ ಯುವಕ ಬಾಡಿಗೆಗೆ ಬಂದ. ಹಗಲು ಫೋನಿಗೆ ಹಾಕುವ ಕವರು ಮಾರುತ್ತಾನೆ, ಉಳಿದ ಹೊತ್ತು ಕಿರುಚಿತ್ರ ತೆಗೆಯುತ್ತಾನೆ. ಡೈರೆಕ್ಟರು ಎಂದು ತನ್ನನ್ನು ತಾನೇ ಕರೆದುಕೊಂಡ, ನಾವೂ ಹಾಗೇ ಕರೆದೆವು. ಒಂದು ದಿನ ಪ್ಯಾಂಟಿನ ಅಂಚು ಮಡಿಸಲು ಕೊಡಬೇಕೆಂದು ಇಳಿದು ಬಂದ. ಸೋದರ ಸೊಸೆ ಬಾಯಲ್ಲಿ ದಾರ ಕಚ್ಚಿಕೊಂಡೇ ಹೇಳಿದಳು:

“ಅಮ್ಮ ಹೊರಗೆ ಹೋಗಿದಾಳೆ. ಸ್ವಲ್ಪ ಕೂತ್ಕೊಳ್ಳಿ.”

ಅವನು ತಂಗಿಯನ್ನು ನೋಡಿದ. “ಇಲ್ಲೇ ಕೂತಿದಾರಲ್ಲ?”

“ಕೂತಿರೋದು ಕೂತಿದೆ. ಅವಳು ಬರ್ಲಿ ಇರಿ.”

“ಹಾಗಾದ್ರೆ... ಈಗ ಒಳಗಿರೋದು ಯಾರು?”

“ಯಾರೂ ಇಲ್ಲ. ಪ್ಯಾಂಟು ಕೊಡಿ ಇಲ್ಲಿ.”

ನಾನು ಕಣ್ಣಾರೆ ನೋಡಿದೆ, ಅವನ ತೋಳಿನ ಕೂದಲು ಎದ್ದು ನಿಂತವು. ಒಬ್ಬಳು ಹೊರಗೆ ಹೋದರೆ ಇನ್ನೊಬ್ಬಳು ಒಳಗೆ ಬಂದಿರಲೇಬೇಕು, ಬಾಡಿಗೆ ಮನೆಯ ಹಾಗೆ, ಎಂದು ಅವನ ತಲೆ ಅಲ್ಲೇ ತೀರ್ಮಾನಿಸಿತ್ತು. ಪ್ಯಾಂಟು ಮರೆತು ಮೆಟ್ಟಿಲು ಹತ್ತಿ ಓಡಿದ.

ಮರುವಾರ ಬಂದು, “ಆಂಟಿ, ಒಬ್ಬ ದರ್ಜಿಯ ಬದುಕಿನ ಬಗ್ಗೆ ಚಿತ್ರ ಮಾಡ್ತಿದೀನಿ. ರಜಾದಿನ ಅಂಗಡಿ ಕೊಡ್ತೀರಾ?” ಎಂದ. ತಂಗಿಗೆ ಖುಷಿಯಾಯಿತು. ನೆಲ ಗುಡಿಸಿ, ಕನ್ನಡಿ ಒರೆಸಿ, ಹೊಲಿಯುವಾಗ ತಾನು ಹಾಕಿಕೊಳ್ಳುವ ನೀಲಿ ಕೋಟನ್ನು ಒಗೆದು ಇಸ್ತ್ರಿ ಮಾಡಿ ಪಾತ್ರಕ್ಕೆಂದು ಕೊಟ್ಟಳು. ಚಿತ್ರದವರು ಬಂದು ಮೊದಲು ಮಾಡಿದ ಕೆಲಸ ಕನ್ನಡಿಗೆ ಮಸಿ ಬಳಿದಿದ್ದು.

ಚಿತ್ರವನ್ನು ನಮ್ಮ ಬೀದಿಯ ಸಭಾಂಗಣದಲ್ಲೇ ತೋರಿಸಿದರು. ತಂಗಿಯನ್ನು ಮುಂದಿನ ಸಾಲಿನಲ್ಲಿ ಕೂರಿಸಿದರು.

ಈ ಕಿರುಚಿತ್ರಗಳಲ್ಲಿ ಬರುವ ಹುಚ್ಚರಿಗೆ ಏನೆಲ್ಲ ಕಟ್ಟುಪಾಡು. ಅವರು ಬಾಚಣಿಗೆ ಮುಟ್ಟುವಂತಿಲ್ಲ. ಅವರ ಮನೆಯ ದೀಪ ನೆಟ್ಟಗೆ ಉರಿಯುವಂತಿಲ್ಲ. ನಲ್ಲಿ ತೊಟ್ಟಿಕ್ಕುತ್ತಲೇ ಇರಬೇಕು, ಪ್ಲಂಬರನ್ನು ಕರೆದರೆ ಕಾಯಿಲೆ ಅರ್ಧ ವಾಸಿಯಾದಂತೆ. ಯಾರೂ ಬಿಲ್ಲು ಕಟ್ಟುವುದಿಲ್ಲ, ಅನ್ನಕ್ಕಿಡುವುದಿಲ್ಲ, ಮಾತ್ರೆ ಮುಗಿಯಿತೆಂದು ಅಂಗಡಿಗೆ ಹೋಗುವುದಿಲ್ಲ. ಗೋಡೆಯ ಮೂಲೆಯಲ್ಲಿ ಕೂತು ತೂಗಾಡುವುದೊಂದೇ ಉದ್ಯೋಗ. ಉದ್ದ ಸಿನಿಮಾದಲ್ಲಾದರೆ ಕೊನೆಗೆ ವಾಸಿ ಮಾಡಲು ಪುರುಸೊತ್ತಿರುತ್ತದೆ. ಕಿರುಚಿತ್ರದಲ್ಲಿ ಸಮಯ ಕಡಿಮೆ, ಆದ್ದರಿಂದ ಯಾರನ್ನಾದರೂ ಕೊಂದು ಮುಗಿಸಿಬಿಡುತ್ತಾರೆ.

ಇದರಲ್ಲೂ ಅಷ್ಟೇ. ನೀಲಿ ಕೋಟಿನ ದರ್ಜಿ ಕೂತಿದ್ದಾಳೆ. ಹಿನ್ನೆಲೆಯಲ್ಲಿ ಪಿಯಾನೋದ ಒಂದೇ ಕೀಯನ್ನು ಯಾರೋ ಒತ್ತುತ್ತಿದ್ದಾರೆ, ಪಾಪ, ಉಳಿದ ಕೀಗಳು ಕೆಟ್ಟಿರಬೇಕು. “ಅಮ್ಮ ಹೊರಗೆ ಹೋಗಿದ್ದಾಳೆ” ಎಂದು ಒಬ್ಬಳು ಪಿಸುಗುಡುತ್ತಾಳೆ. ಕನ್ನಡಿಯಲ್ಲಿ ಇನ್ನೊಬ್ಬಳು ನಗುತ್ತಾಳೆ, ಕೂದಲು ಮುಖದ ಮೇಲೆ. ಗಿರಾಕಿ ಅಳತೆಗೆ ನಿಲ್ಲುತ್ತಾನೆ. ಟೇಪು ಕೊರಳು ಸುತ್ತುತ್ತದೆ. ಬಿಗಿಯುತ್ತದೆ. ಆಮೇಲೆ ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರ: ಸತ್ಯ ಘಟನೆಯಿಂದ ಪ್ರೇರಿತ. ಅದರ ಕೆಳಗೆ, ಮಾನಸಿಕ ಆರೋಗ್ಯದ ಬಗ್ಗೆ ಮುಕ್ತವಾಗಿ ಮಾತಾಡೋಣ. ಅಷ್ಟು ಹೊತ್ತು ಹೆದರಿಸಿ, ಈಗ ಮಾತಾಡಬೇಕಂತೆ.

ದೀಪ ಹಾಕಿದರು. ಸಭಾಂಗಣದ ಮುಖಗಳೆಲ್ಲ ನನ್ನ ತಂಗಿಯ ಕಡೆ ತಿರುಗಿದ್ದವು. ಅವಳು ಕೊರಳಲ್ಲಿ ಮರೆತು ಹಾಕಿಕೊಂಡೇ ಬಂದಿದ್ದ ಟೇಪನ್ನು ನಿಧಾನವಾಗಿ ತೆಗೆದು, ಸುತ್ತಿ, ಚೀಲಕ್ಕೆ ಹಾಕಿಕೊಂಡಳು.

ಆಮೇಲೆ ಅಂಗಡಿಗೆ ಜನ ಬರುವುದು ನಿಲ್ಲಲಿಲ್ಲ, ಬರುವ ರೀತಿ ಬದಲಾಯಿತು. ಬಾಗಿಲಲ್ಲೇ ನಿಂತು, “ಅಳತೆಗೆ ಹಳೇ ಪ್ಯಾಂಟು ತಂದಿದೀನಿ, ಇದರ ಹಾಗೇ ಹೊಲೀರಿ” ಅನ್ನತೊಡಗಿದರು. ಪರದೆಯ ಹಿಂದೆ ಯಾರೂ ಕಾಲಿಡಲಿಲ್ಲ. ಪಕ್ಕದ ಬೇಕರಿಯವನಿಗೆ ಹೊಟ್ಟೆ ಬಂದು ಹಳೇ ಪ್ಯಾಂಟು ಏರದೆ ಎಷ್ಟು ಕಾಲವಾಗಿತ್ತೋ, ಅವನೂ ಅದನ್ನೇ ತಂದುಕೊಟ್ಟ. ಕೊರಳಿಗಿಂತ ಹೊಟ್ಟೆ ಬಿಗಿದರೆ ವಾಸಿ ಅನಿಸಿರಬೇಕು.

ಇದನ್ನೆಲ್ಲ ತಂಗಿ ನುಂಗಿಕೊಂಡಳು. ಅವಳಿಗಿದ್ದ ಭಯ ಶಾಲೆಯದು. ಬೀದಿಯ ಕೊನೆಯ ಶಾಲೆಯ ಸಮವಸ್ತ್ರ ಪ್ರತಿ ವರ್ಷ ಅವಳದೇ ಹೊಲಿಗೆ. ತರಗತಿಯ ನಂತರ ತರಗತಿ ಮಕ್ಕಳು ಸಾಲಾಗಿ ಬಂದು ಅಳತೆ ಕೊಟ್ಟು ಹೋಗುತ್ತವೆ. ಆ ಕೆಲಸ ಹೋದರೆ ಉಳಿಯುವುದು ಜಿಪ್ಪು, ಅಂಚು, ಗುಂಡಿ. ಅಷ್ಟರಲ್ಲಿ ಅಂಗಡಿ ನಿಲ್ಲುವುದಿಲ್ಲ. ಚಿತ್ರ ತೋರಿಸಿದ ದಿನ ಸಭಾಂಗಣದಲ್ಲಿ ಶಾಲೆಯ ಮುಖ್ಯೋಪಾಧ್ಯಾಯಿನಿ, ನಮ್ಮೆಲ್ಲರ ಬಾಯಲ್ಲಿ ಹೆಡ್‌ಮಿಸ್, ಅವರೂ ಕೂತಿದ್ದರು. ಮಕ್ಕಳನ್ನು ಕಳಿಸುವ ಮುಂಚೆ ತಾವೇ ಬಂದು ಮಾತಾಡುವುದಾಗಿ ಹೇಳಿಕಳಿಸಿದರು.

“ಮಾವ, ಅವರು ಬಂದಾಗ ನೀವು ಬಾಯಿ ಮುಚ್ಕೊಂಡಿರಿ” ಎಂದಳು ಸೋದರ ಸೊಸೆ.

“ನಾನು ಏನಂದೆನೇ?”

“ಟವೆಲಿನ ಕಥೆ ಬೇಡ. ಬಸ್ಸಿನದ್ದೂ ಬೇಡ.”

ಹೆಡ್‌ಮಿಸ್ ಬಂದರು. ನನ್ನ ಮುರುಕು ಕುರ್ಚಿಯ ಅಂಚಿನಲ್ಲಿ, ಎದ್ದು ಓಡಲು ಅನುಕೂಲವಾಗುವಂತೆ ಕೂತರು. ಮಾತು ಹವಾಮಾನದಿಂದ ಮುಂದಕ್ಕೆ ಹೋಗುವುದರೊಳಗೆ ಡೈರೆಕ್ಟರು ಒಂದು ಕೋಟು ಹಿಡಿದು ಇಳಿದು ಬಂದ. ಅವನ ಚಿತ್ರ ಯಾವುದೋ ಸ್ಪರ್ಧೆಗೆ ಆಯ್ಕೆಯಾಗಿದೆಯಂತೆ. ವೇದಿಕೆ ಹತ್ತಬೇಕಂತೆ. ಕೋಟಿನ ಕಾಲರು ದೊಗಲೆ. ಅದರ ಜೊತೆಗೆ ಇನ್ನೊಂದು ಅಂಗಿ ತಂದಿದ್ದ.

“ಈ ಅಂಗಿ ಅಳತೆಗೆ ಆಂಟಿ.”

ತಂಗಿ ಅಂಗಿಯನ್ನು ಮುಟ್ಟಲಿಲ್ಲ. “ಕೊರಳು ಜೊತೆಗೇ ತಂದಿದೀಯಲ್ಲಪ್ಪ. ಬಾ, ನಿಲ್ಲು.”

ಹೆಡ್‌ಮಿಸ್ ನೋಡುತ್ತಿದ್ದರು, ಒಲ್ಲೆ ಅನ್ನುವಂತಿರಲಿಲ್ಲ. ಅವನು ನಿಂತ. ತಂಗಿ ಟೇಪು ಸುತ್ತಿದಳು. ಎರಡು ತುದಿ ಸೇರಿಸಿದಳು. ಹಾಗೇ ನಿಂತುಬಿಟ್ಟಳು.

ಇದಕ್ಕೆ ಬೇರೆ ದಿನ ಸಿಗಲಿಲ್ಲವೇ ಎಂದುಕೊಂಡೆ. ಆದರೆ ಇಂಥ ಹೊತ್ತಿನಲ್ಲೇ, ಎದೆ ಡವಗುಟ್ಟುವಾಗಲೇ, ಅದು ಬರುವುದು.

ಸೋದರ ಸೊಸೆ ಯಂತ್ರ ನಿಲ್ಲಿಸದೆ ಹೇಳಿದಳು: “ಅಮ್ಮ ಹೊರಗೆ ಹೋಗಿದಾಳೆ. ಅಲ್ಲಾಡಬೇಡಿ, ಅಳತೆ ತಪ್ಪುತ್ತೆ.”

ಡೈರೆಕ್ಟರು ಕಂಬದಂತೆ ನಿಂತ. ತುಟಿ ಮಾತ್ರ ಅಲ್ಲಾಡಿಸಿ, “ಅಂಕಲ್, ಟೇಪು... ಟೇಪು ತೆಗೀರಿ” ಎಂದ.

“ನಿನ್ನದೇ ಕಥೆಯಲ್ಲವೇನಪ್ಪ,” ಎಂದೆ. “ಮುಂದೇನಾಗುತ್ತೆ ನಿನಗೇ ಗೊತ್ತಿರಬೇಕು.”

ಏನೂ ಆಗಲಿಲ್ಲ. ತಂಗಿಯ ಬೆರಳು ಸಡಿಲವಾಗಿ, ಟೇಪಿನ ಎರಡು ತುದಿ ಅವನ ಎದೆಯ ಮೇಲೆ ಜೋತುಬಿದ್ದವು. ಅವನು ಒಂದು ಹೆಜ್ಜೆ ಹಿಂದಿಟ್ಟಿದ್ದರೆ ಸಾಕಿತ್ತು, ಅವಳ ಕೈಗೆ ಸಿಗುತ್ತಿರಲಿಲ್ಲ. ಅದು ಅವನಿಗೆ ಹೊಳೆಯಲಿಲ್ಲ. ಹೊಲಿಗೆ ಯಂತ್ರ ಸದ್ದು ಮಾಡುತ್ತಿತ್ತು. ಬೀದಿಯಲ್ಲಿ ಯಾರೋ ಸೈಕಲ್ಲಿಗೆ ಗಾಳಿ ಹೊಡೆಯುತ್ತಿದ್ದರು. ಕನ್ನಡಿಯಲ್ಲಿ ಒಬ್ಬಳೇ ತಂಗಿ ಇದ್ದಳು, ನಗುತ್ತಿರಲಿಲ್ಲ, ಬಸ್ಸಿಗೆ ಕಾಯುವವರ ಮುಖ ಹೇಗಿರುತ್ತದೋ ಹಾಗಿತ್ತು. ಆಮೇಲೆ ಅವಳ ಹೆಬ್ಬೆರಳು ಅವನ ಕೈಯಲ್ಲಿದ್ದ ಕೋಟಿನ ತೋಳನ್ನು ಉಜ್ಜಿತು. ಪಾದ ನೆಲಕ್ಕೆ ಒತ್ತಿತು. ಟೇಪನ್ನು ಮತ್ತೆ ಸೇರಿಸಿ, “ಹದಿನೈದೂವರೆ, ಬರ್ಕೋ” ಎಂದಳು ಮಗಳಿಗೆ.

ಹೆಡ್‌ಮಿಸ್ ಕುರ್ಚಿಯಿಂದ ಮುಂದಕ್ಕೆ ಬಾಗಿದ್ದರು. “ಇಷ್ಟೇನಾ?”

“ಇಷ್ಟೇ ಮೇಡಂ,” ಎಂದಳು ತಂಗಿ.

“ಮತ್ತೆ ಆ ಸಿನಿಮಾದಲ್ಲಿದ್ದ ಕಾಯಿಲೆ...”

“ಅದು ಇವರದು,” ಎಂದಳು ಸೋದರ ಸೊಸೆ, ಡೈರೆಕ್ಟರನ ಕಡೆ ಗದ್ದ ತಿರುಗಿಸಿ. “ನಮ್ಮಮ್ಮಂದಲ್ಲ.”

ಹೆಡ್‌ಮಿಸ್ ಸುಮ್ಮನೆ ಒಪ್ಪುವವರಲ್ಲ, ಅದಕ್ಕೇ ಆ ಹುದ್ದೆ. “ಮಗುವಿನ ಮುಂದೆ ಹೀಗಾದ್ರೆ?”

“ಮಗು ಸ್ವಲ್ಪ ಹೊತ್ತು ಕಾಯುತ್ತೆ. ಮಗಳು ಪಕ್ಕದಲ್ಲೇ ಇರ್ತಾಳೆ,” ಎಂದಳು ತಂಗಿ. “ಕತ್ತರಿ, ಇಸ್ತ್ರಿ ಇರೋ ಕಡೆ ಮಕ್ಕಳನ್ನ ಬಿಡಲ್ಲ. ಈ ಕಾಯಿಲೆ ಬರೋಕೆ ಮುಂಚೇನೂ ಬಿಡ್ತಿರಲಿಲ್ಲ. ನಿಮಗೆ ಸಮಾಧಾನ ಆಗದಿದ್ರೆ ಟೀಚರೊಬ್ಬರನ್ನ ಜೊತೆಗೆ ಕಳಿಸಿ. ಹಳೇ ಚಡ್ಡಿ ಮಾತ್ರ ಕಳಿಸಬೇಡಿ ಮೇಡಂ, ಮಕ್ಕಳು ಬೆಳೀತವೆ.”

ಡೈರೆಕ್ಟರನಿಗೆ ಜೀವ ಮರಳಿತ್ತು. ಜೀವದ ಜೊತೆಗೆ ಕಲೆಯೂ ಮರಳಿತು. ಕೊರಳು ಸವರಿಕೊಳ್ಳುತ್ತ, “ಅದು ಸರಿ ಆಂಟಿ, ಆದ್ರೆ ಇದರಲ್ಲಿ ಏನೂ ಆಗೋದೇ ಇಲ್ವಲ್ಲ. ಹೀಗೇ ತೆಗೆದ್ರೆ ಜನ ಯಾಕೆ ನೋಡ್ತಾರೆ?” ಎಂದ.

“ನೋಡೋಕೆ ಅವರನ್ನ ಯಾರು ಕರೆದ್ರು?” ಎಂದಳು ತಂಗಿ. “ಕೋಟು ಅಲ್ಲಿಡು. ನಾಡಿದ್ದು ಬಾ.”

ಅವನು ಕೋಟಿಟ್ಟು ಮಹಡಿ ಹತ್ತಿದ. ಅವನ ಚಿತ್ರಕ್ಕೆ ಆಮೇಲೆ ಬಹುಮಾನವೂ ಬಂತು. ಮನೋರೋಗಿಯ ಅಂತರಂಗವನ್ನು ಎಳೆಎಳೆಯಾಗಿ ಬಿಡಿಸಿಟ್ಟಿದ್ದಾನೆ ಎಂದು ತೀರ್ಪುಗಾರರು ಹೊಗಳಿದರಂತೆ. ಬಿಡಿಸಿದ ಎಳೆಯನ್ನು ಮತ್ತೆ ಹೊಲಿಯಲು ನಮ್ಮ ಹತ್ತಿರವೇ ಬರಬೇಕು, ಇರಲಿ. ಪಕ್ಕದ ಬೇಕರಿಯವನು ಈಗಲೂ ಬಾಗಿಲಲ್ಲೇ ನಿಲ್ಲುತ್ತಾನೆ. ಅಂಥವರನ್ನು ನಾನು ಟಾರ್ಚು ಹಿಡಿದು ಒಳಗೆ ಕರೆತರಲಾರೆ.

ಆ ದಿನ ಹೆಡ್‌ಮಿಸ್ ಎದ್ದು ಬಾಗಿಲವರೆಗೆ ಹೋದರು. ಅಲ್ಲಿ ನಿಂತು, ತಮ್ಮ ಅಂಗಿಯ ಕಾಲರನ್ನು ಎರಡು ಬೆರಳಿನಲ್ಲಿ ಎಳೆದು ನೋಡಿಕೊಂಡರು. ವಾಪಸು ಬಂದು ಕನ್ನಡಿಯ ಮುಂದೆ ಗದ್ದ ಎತ್ತಿ ನಿಂತರು.

“ನನಗೂ ಒಂದು ಅಂಗಿ ಬೇಕಿತ್ತು. ಇದು ಬಿಗಿ.”

ತಂಗಿ ಟೇಪು ಹಾಕಿದಳು. ಸ್ವಲ್ಪ ಹೊತ್ತು ನೋಡಿದಳು.

“ಉಸಿರು ಬಿಡಿ ಮೇಡಂ. ಹಿಡ್ಕೊಂಡ್ರೆ ಇದೂ ಬಿಗಿಯಾಗುತ್ತೆ.”

ಹೆಡ್‌ಮಿಸ್ ಬಿಟ್ಟರು. ಹದಿನಾಲ್ಕು ಬಂತು. ಹೋಗುವಾಗ, ಸೋಮವಾರ ಒಂದನೇ ತರಗತಿಯಿಂದ ಅಳತೆ ಶುರು ಮಾಡೋಣ, ಆ ಮಕ್ಕಳು ಸಾಲಲ್ಲಿ ನಿಲ್ಲೋದಿಲ್ಲ, ಸ್ವಲ್ಪ ಗಲಾಟೆ, ತಡ್ಕೋಬೇಕು ಎಂದರು.