ಇಂಬಳಕ್ಕೆಂದು ಎತ್ತಿಟ್ಟ ಎಣ್ಣೆ

"ಸಾಯೋ ಕಾಯಿಲೆ ಬರ್ಲಿ ಮಾರಾಯ್ತಿ, ಆಗ ನೀನು ಕರೆಯೋದೇ ಬೇಡ, ನಾವೇ ಓಡಿ ಬರ್ತೇವೆ" ಎಂದು ಭಾವ ಹೇಳಿದ್ದು ಕೊರೊನಾದ ಎರಡನೇ ವರ್ಷ. ಭಾವ ಎಂದರೆ ನನ್ನ ಅಕ್ಕನ ಗಂಡ, ಕೊಟ್ಟಿಗೆಹಾರದ ಹತ್ತಿರದ ಎಸ್ಟೇಟಿನಲ್ಲಿ ಮೇಸ್ತ್ರಿ. ನಾನು ಅದೇ ಎಸ್ಟೇಟಿನ ಕೂಲಿಯವರ ಲೈನು ಮನೆಗಳಿಗೆ ಆಶಾ ಕಾರ್ಯಕರ್ತೆ. ಲಸಿಕೆಯ ಜೀಪು ಗೇಟಿಗೆ ಬಂತೆಂದರೆ ಲೈನಿನ ಗಂಡಸರೆಲ್ಲ ಕಾಫಿ ಗಿಡಗಳ ನಡುವೆ ಮಾಯವಾಗುತ್ತಿದ್ದರು. ಭಾವ ಮಾತ್ರ ಓಡಲಿಲ್ಲ. ಮಾಸ್ಕನ್ನು ಗದ್ದಕ್ಕೆ ಇಳಿಸಿ, ಎಲೆಅಡಿಕೆ ಜಗಿಯುತ್ತಾ ನನಗೇ ಬುದ್ಧಿ ಹೇಳುತ್ತಾ ನಿಂತಿದ್ದರು. ಲಸಿಕೆಯನ್ನಂತೂ ಹಾಕಿಸಿಕೊಳ್ಳಲಿಲ್ಲ.

ಮೈಯೆಲ್ಲ ಉರಿದರೂ ಅವರ ಮಾತನ್ನು ನಾನು ಅರ್ಧ ನಂಬಿದ್ದೆ. ಜನ ದಡ್ಡರಲ್ಲ, ಕಾಯಿಲೆಗೇ ಜೋರು ಸಾಲದು ಅಂದುಕೊಂಡಿದ್ದೆ. ಎಂಥ ಪೆದ್ದಿ ನಾನು.

ಆಮೇಲೊಂದು ಬೇಸಿಗೆಯಲ್ಲಿ ನಮ್ಮ ಕಾಡಂಚಿನಲ್ಲಿ ಮಂಗ ಸತ್ತು ಬಿತ್ತು. ಮಂಗನ ಕಾಯಿಲೆ ನಮ್ಮ ಕಡೆಯವರು ಟಿವಿ ನೋಡಿ ತಿಳಿಯಬೇಕಾದ್ದಲ್ಲ. ಕಾಡಿನ ಉಣುಗು, ಅಂದರೆ ಉಣ್ಣೆ ಹುಳ, ಕಚ್ಚಿದರೆ ಮನುಷ್ಯರಿಗೂ ಬರುವ ಜ್ವರ ಅದು. ಒಸಡಿನಲ್ಲಿ ರಕ್ತ ಒಸರುತ್ತದೆ, ಕೆಲವರು ಉಳಿಯುವುದಿಲ್ಲ. ಕಾಡಿಗೆ ಹೋಗುವ ಮುಂಚೆ ಕೈಕಾಲಿಗೆ ಹಚ್ಚಿಕೊಳ್ಳಿ ಎಂದು ಇಲಾಖೆಯವರು ಎಣ್ಣೆಯ ಬಾಟಲಿ ಕೊಟ್ಟರು. ಮನೆಮನೆಗೂ ಹಂಚಿದೆ. ಯಾರೂ ಓಡಲಿಲ್ಲ, ಎರಡೂ ಕೈ ಚಾಚಿ ಇಸಿದುಕೊಂಡರು. ಭಾವ ಹೇಳಿದ್ದು ಸರಿಯೇ ಇತ್ತು ಎಂದು ಹಿಗ್ಗಿಹೋದೆ.

ಹತ್ತು ದಿನ ಬಿಟ್ಟು ನೋಡಲು ಹೋದರೆ ಮೊದಲ ಮನೆಯಲ್ಲಿ ಬಾಟಲಿಯ ಮುಚ್ಚಳವನ್ನೇ ತೆಗೆದಿರಲಿಲ್ಲ. ಎರಡನೇ ಮನೆಯಲ್ಲೂ ಹಾಗೇ, ಮೂರನೆಯದರಲ್ಲೂ ಹಾಗೇ. ಕೊನೆಯ ಮನೆಯ ಅಜ್ಜಿಯನ್ನು ಗದರಿಸಿ ಕೇಳಿದೆ.

"ಇಷ್ಟ್ ಒಳ್ಳೆ ಎಣ್ಣೆನ ಬೇಸ್ಗೇಲಿ ಯಾರು ಖಾಲಿ ಮಾಡ್ತಾರೆ ಮಗಾ? ಮಳೆ ಹಿಡಿದ ಮೇಲೆ ಇಂಬಳಕ್ಕೆ ಬೇಕಲ್ಲ" ಅಂದರು ಅಜ್ಜಿ.

ಇಂಬಳ ಅಂದರೆ ಜಿಗಣೆ. ಮಳೆಗಾಲದಲ್ಲಿ ತೋಟಕ್ಕೆ ಇಳಿಯುವ ನಮ್ಮ ಹೆಂಗಸರು ಕಾಲಿಗೆ ಏನಾದರೊಂದು ಬಳಿದುಕೊಳ್ಳದೆ ಹೊರಡುವುದಿಲ್ಲ. ಸುಣ್ಣ, ಹೊಗೆಸೊಪ್ಪಿನ ನೀರು, ಬೇವಿನೆಣ್ಣೆ, ಯಾವುದಾದರೂ ಸರಿ. ಕಾಲಿಗೆ ಹಚ್ಚುವುದು ಅಂದರೆ ಅದು ಇಂಬಳಕ್ಕೇ. ಇಂಬಳ ಕಚ್ಚಿ ಸತ್ತವರನ್ನು ನಾನಂತೂ ಇದುವರೆಗೆ ನೋಡಿಲ್ಲ. ಆದರೆ ಅದು ರಕ್ತ ಕುಡಿದು ಊದಿಕೊಳ್ಳುವುದು ಕಣ್ಣಿಗೆ ಕಾಣುತ್ತದಲ್ಲ, ಅದಕ್ಕೇ ಅದಕ್ಕೆ ಮರ್ಯಾದೆ. ಎಳ್ಳಿನಷ್ಟೂ ಇಲ್ಲದ ಉಣುಗಿಗೆ ಯಾರು ಹೆದರುತ್ತಾರೆ?

ಅಕ್ಕನ ಮನೆಯಲ್ಲೂ ಬಾಟಲಿ ತುಂಬಿಕೊಂಡೇ ಕೂತಿತ್ತು. ಅಕ್ಕ ಎರಡು ದಿನಕ್ಕೊಮ್ಮೆ ಕೊಟ್ಟಿಗೆಗೆ ಹಾಸಲು ತರಗೆಲೆ ತರಲು ಕಾಡಿಗೆ ಹೋಗುವವಳು. ಅವಳ ಮೇಲೆ ಕೂಗಾಡಿದೆ. "ಹಚ್ಕೊಳ್ತೇನೆ ಬಿಡೇ, ಹೀಗೆ ಮೈಮೇಲೆ ಬರ್ಬೇಡ" ಎಂದು ನಕ್ಕಳು.

ಮುಂದಿನ ವಾರ ಅವಳಿಗೆ ಜ್ವರ ಬಂತು. ಭಾವ ಮೂರು ದಿನ ನನ್ನಿಂದ ಮುಚ್ಚಿಟ್ಟರು. ನನಗೆ ಗೊತ್ತಾದರೆ ರಕ್ತ ಪರೀಕ್ಷೆಗೆ ಕಳಿಸುತ್ತೇನೆ, ಮನೆಗೆ ಮಂಗನ ಕಾಯಿಲೆಯ ಹೆಸರು ಬರುತ್ತದೆ, ಯಾರೂ ಹೊಸ್ತಿಲು ತುಳಿಯುವುದಿಲ್ಲ ಎಂಬ ಭಯ. ಅಂಗಡಿಯ ಮಾತ್ರೆ ನುಂಗಿಸುತ್ತಾ ಕೂತಿದ್ದರು. ನಾಲ್ಕನೇ ದಿನ ನಾನು ಹೋದಾಗ ಅಕ್ಕನ ತಲೆದಿಂಬಿನ ಮೇಲೆ ರಕ್ತದ ಕಲೆಯಿತ್ತು. ಜೀಪಿಗೆ ಹಾಕಿಕೊಂಡು ಚಾರ್ಮಾಡಿ ಘಾಟಿ ಇಳಿಸಿ ದೊಡ್ಡಾಸ್ಪತ್ರೆಗೆ ಸೇರಿಸಿದೆವು.

ಅಲ್ಲಿ ಭಾವ ಕಂಡ ಕಂಡ ಡಾಕ್ಟರ ಹಿಂದೆ ಕೈಮುಗಿದು ಓಡುತ್ತಿದ್ದರು. "ಇದಕ್ಕೊಂದು ಇಂಜೆಕ್ಷನ್ ಇಲ್ವಾ? ಲಸಿಕೆ ಅಂತ ಹಾಕ್ತಾರಲ್ಲ, ಅದನ್ನಾದ್ರೂ ಹಾಕಿ."

ಈ ಕಾಯಿಲೆಗೆ ಹಿಂದೆ ಒಂದು ಲಸಿಕೆ ಇತ್ತು. ಅಷ್ಟಾಗಿ ಕೆಲಸ ಮಾಡುವುದಿಲ್ಲವೆಂದು ನಿಲ್ಲಿಸಿದ್ದರು. ಹೊಸದು ಇನ್ನೂ ಬಂದಿರಲಿಲ್ಲ. ಬಂದಿದ್ದರೂ ಜ್ವರ ಹತ್ತಿದ ಮೇಲೆ ಏನು ಪ್ರಯೋಜನ? ಮನೆ ಬಾಗಿಲಿಗೆ ಬಂದ ಲಸಿಕೆಗೆ ಬೆನ್ನು ಹಾಕಿದ ಮನುಷ್ಯ, ಇಲ್ಲದ ಲಸಿಕೆಗೆ ಕಂಡವರ ಕಾಲು ಹಿಡಿಯುತ್ತಿದ್ದರು. ಅವರ ಕೆನ್ನೆಗೆ ಬಾರಿಸಬೇಕು ಅನ್ನಿಸಿತು. ಬಾರಿಸಲಿಲ್ಲ, ಆಸ್ಪತ್ರೆಯಲ್ಲವೇ.

ಆ ವಾರ ದಾಟುವ ಮೊದಲೇ ಅಕ್ಕ ಹೋದಳು.

ತಿಥಿಯ ದಿನ ಲೈನಿನವರೆಲ್ಲ ಉಂಡು ಅಂಗಳದಲ್ಲಿ ಕೂತಿದ್ದಾಗ ನನಗೆ ತಡೆಯಲಾಗಲಿಲ್ಲ. ಬಾಯಿಗೆ ಬಂದಂತೆ ಬೈದೆ. ಸಾಯೋ ಕಾಯಿಲೆ ಬಂದರೆ ಓಡಿ ಬರುತ್ತೇವೆ ಅಂದಿರಲ್ಲ, ಬಂತಲ್ಲ, ಎಲ್ಲಿಗೆ ಓಡಿದಿರಿ ಎಂದೆ. ಇದಕ್ಕಿಂತ ದೊಡ್ಡದು ಬಂದರೂ ನೀವು ಬಾಟಲಿಯನ್ನು ಮಳೆಗಾಲಕ್ಕೇ ಎತ್ತಿಡುತ್ತೀರಿ ಎಂದೆ.

ಭಾವ ಕಂಬಕ್ಕೆ ಒರಗಿ ಕೂತಿದ್ದರು. ಅವರ ದನಿಯಲ್ಲಿ ಸಿಟ್ಟು ಇರಲಿಲ್ಲ.

"ನೀನು ಹೇಳೋದೆಲ್ಲ ಸರಿಯೇ. ಕಡೇ ಸಲ ತರಗೆಲೆಗೆ ನೀವಿಬ್ರೂ ಒಟ್ಟಿಗೆ ಹೋದ್ರಲ್ಲ, ಆ ಭಾನುವಾರ. ಅವತ್ತು ನೀನು ಹಚ್ಕೊಂಡಿದ್ಯಾ?"

ನಾನು ಹಚ್ಚಿಕೊಂಡಿರಲಿಲ್ಲ. ಮಧ್ಯಾಹ್ನ ಬಣಕಲ್ಲಿನಲ್ಲಿ ಒಂದು ಮದುವೆ ಊಟವಿತ್ತು, ಒಳ್ಳೆ ಸೀರೆಗೆ ಎಣ್ಣೆಯ ವಾಸನೆ ಹತ್ತುವುದು ಬೇಡವೆಂದಿದ್ದೆ. ಅರ್ಧ ಗಂಟೆಯ ಕೆಲಸ, ಏನಾಗುತ್ತದೆ ಅಂದುಕೊಂಡಿದ್ದೆ. ನಾನು ಕೂಗಾಡಿದ್ದಕ್ಕೋ ಏನೋ, ಅಕ್ಕ ಅವತ್ತು ಬಾಟಲಿ ಹಿಡಿದುಕೊಂಡೇ ಬಾಗಿಲಿಗೆ ಬಂದಿದ್ದಳು. ನನ್ನ ಒಣ ಕಾಲುಗಳನ್ನು ನೋಡಿ, ಅದನ್ನು ಒಳಗಿಟ್ಟು ಬಂದಳು.