ಸೊಪ್ಪಿಗೆ ಚಿಮುಕಿಸಿದ ನೀರು

1958ರ ಆಗಸ್ಟ್ 17, ಭಾನುವಾರ. ಧಾರವಾಡದ ಗೆಳೆಯರೇ, ಬೆಳಗಿನ ಏಳು ಗಂಟೆಗೆ ನಿಮಗೆಲ್ಲ ಇದನ್ನು ಬರೆಯಲು ಕೂತಿದ್ದೇನೆ.

ತೆಲುಗು ಗಡಿಯ ಈ ಸಾದಲಿ ಹಳ್ಳಿಯಲ್ಲಿ ನಾನಿರುವ ಮನೆಯ ನಡುಮನೆ ಹುಳುಗಳದ್ದು. ರೇಷ್ಮೆಹುಳುಗಳು ಬಿದಿರಿನ ತಟ್ಟೆಗಳಲ್ಲಿ ಒಳಗಿರುತ್ತವೆ. ಮನೆಯವರು ಜಗಲಿಯ ಮೇಲೆ ಮಲಗುತ್ತಾರೆ. ಪೊರೆ ಬಿಡುವ ಮುಂಚೆ ಹುಳು ಮೇವು ನಿಲ್ಲಿಸುವುದನ್ನು ಇಲ್ಲಿಯವರು ‘ಜ್ವರ’ ಎನ್ನುತ್ತಾರೆ. ತರಬೇತಿಯಲ್ಲಿ ಈ ಮಾತು ಕೇಳಿರದ ನಾನು ಮೊದಲ ವಾರ ಗಾಬರಿಯಾಗಿ ಮದ್ದು ಹುಡುಕಿದ್ದೆ.

ರೇಷ್ಮೆ ಇಲಾಖೆಯ ಕೆಲಸಕ್ಕೆಂದು ಧಾರವಾಡದಿಂದ ಬಂದು ಐದು ತಿಂಗಳಾಯಿತು. ನಮ್ಮಲ್ಲಿ ರೊಟ್ಟಿ ಅಗಿಯುತ್ತೇವೆ; ಇಲ್ಲಿ ಮುದ್ದೆ ನುಂಗಬೇಕು. ಅದನ್ನು ಕಲಿಯಲು ಹನ್ನೊಂದು ದಿನ ಹಿಡಿಯಿತು. ನನ್ನ ಜೊತೆ ಕನ್ನಡ ಆಡುವವರು ತಮ್ಮತಮ್ಮಲ್ಲಿ ತೆಲುಗಿಗೆ ತಿರುಗುತ್ತಾರೆ. ಬೈಗುಳ ಮಾತ್ರ ಎರಡರಲ್ಲೂ. ಕೋಣೆ ಕೇಳಲು ಹೋದಾಗ ಮನೆಯ ಯಜಮಾನ ಚನ್ನೇಗೌಡರು ಮೊದಲು ವಿಚಾರಿಸಿದ್ದು ನನ್ನ ಜಾತಿ. ಹೇಳಿದೆ. ಬೀಗದ ಕೈ ಕೊಟ್ಟರು.

ಗೌಡರ ತೋಟದಲ್ಲಿ ಹಿಪ್ಪುನೇರಳೆ ಸೊಪ್ಪು ಬಿಡಿಸುವವಳು ಊರಾಚೆಯ ಕೇರಿಯ ಮುನೆಮ್ಮ. ಹೊರೆಯನ್ನು ಬಾಗಿಲಾಚೆ ಇಳಿಸಿ ಆಕೆ ಹಿಂದೆ ಸರಿಯಬೇಕು. ಗೌಡರ ಹೆಂಡತಿ ಅಕ್ಕಯ್ಯಮ್ಮ ಸೊಪ್ಪಿಗೆ ನೀರು ಚಿಮುಕಿಸಿ, ಮೈಲಿಗೆ ಕಳೆಯಿತೆಂದು ಒಳಗೊಯ್ಯುತ್ತಾರೆ. ಒದ್ದೆ ಸೊಪ್ಪು ತಿಂದ ಹುಳು ಬದುಕುವುದು ಕಷ್ಟ. ಈ ತಿಂಗಳ 6ರಂದು, ನಾಲ್ಕನೇ ಜ್ವರದಿಂದ ಎದ್ದ ಹುಳುಗಳು ಮೆತ್ತಗಾಗಿ, ಕಪ್ಪಾಗಿ, ನಾರತೊಡಗಿದವು.

ಮುನೆಮ್ಮ ಹೊಸ್ತಿಲ ಹತ್ತಿರ ಸುಳಿದದ್ದೇ ಕಾರಣವೆಂದು ಅಕ್ಕಯ್ಯಮ್ಮ ಹೇಳಿದರು. ಆಕೆಯನ್ನು ಕೆಲಸದಿಂದ ಬಿಡಿಸುವ ಮಾತು ಬಂತು. ಈ ತಿಂಗಳುಗಳಲ್ಲಿ ಆಕೆಗೆ ಬೇರೆ ಕೂಲಿಯಿಲ್ಲ. ಅಂಗಳದ ತುದಿಯಲ್ಲಿ ನಿಂತೇ ಕೇಳಿದಳು:

“ನನ್ನ ನೆಳ್ಳಿಗೆ ಸಾಯೋ ಹುಳ, ನಾನು ಬಿಡಿಸಿದ ಸೊಪ್ಪು ಇಷ್ಟು ದಿನ ಹೆಂಗೆ ತಿಂತಿತ್ತು ಸ್ವಾಮಿ?”

ನಾನು ಬಾಯಿ ಹಾಕಿದೆ. ತಪ್ಪು ಆಕೆಯದಲ್ಲ, ನೀರಿನದು. ಸೊಪ್ಪು ಒದ್ದೆ ಮಾಡಲೇಬಾರದು ಎಂದು ವಿವರಿಸಿದೆ. ಚಿಮುಕಿಸುವುದಾದರೂ ಏಕೆ ಎಂದು ಕೇಳಲಿಲ್ಲ. ಹುಳುವಿನ ಮಾತು ಸರಿಯಾದರೆ ಮನುಷ್ಯರದು ತಾನಾಗಿ ಸರಿಹೋದೀತು ಎಂದುಕೊಂಡೆ. ಮೇಲಾಗಿ, ಮನೆ ಅವರದು.

ಗೌಡರು ಕೊಂಚ ಯೋಚಿಸಿ ನನ್ನ ಮಾತನ್ನು ಪೂರ್ತಿ ಒಪ್ಪಿದರು.

“ಓದಿದೋರು ನೀವು, ಸರಿಯಾಗೇ ಹೇಳಿದ್ರಿ ಸಾರ್. ನೀರು ಹಾಕಂಗಿಲ್ಲ ಅಂದ್ಮೇಲೆ ಅವಳು ಮುಟ್ಟಂಗಿಲ್ಲ. ನಾಳೆಯಿಂದ ನಮ್ಮೋರೇ ಬಿಡಿಸ್ತಾರೆ.”

ಮುನೆಮ್ಮ ಗೌಡರನ್ನು ನೋಡಲಿಲ್ಲ, ನನ್ನನ್ನು ನೋಡಿದಳು.

“ಹುಳ ಉಳಿಸ್ಕೊಟ್ರಿ ಸ್ವಾಮಿ, ಒಳ್ಳೇದಾಯ್ತು,” ಎಂದು ಹೊರಟುಹೋದಳು.

ಅಂದು ಸಂಜೆ ಧೈರ್ಯ ಮಾಡಿ ಕಾನೂನಿನ ಮಾತೆತ್ತಿದೆ. ಅಸ್ಪೃಶ್ಯತೆ ಅಪರಾಧವೆಂದು ಕಾನೂನಾಗಿ ಮೂರು ವರ್ಷವಾಯಿತಲ್ಲ ಎಂದೆ. ಕೂಲಿಗೆ ಇಂಥವಳನ್ನೇ ಕರೆಯಬೇಕೆಂದು ಅದರಲ್ಲಿ ಬರೆದಿದೆಯೇ ಎಂದು ಗೌಡರು ನಕ್ಕರು. ಆಮೇಲೆ ನನ್ನ ಕೋಣೆಗೆ ಹುರುಳಿ ಸಾರು ಕಳಿಸಿದರು. ಉಂಡೆ.

ಆ ಕಡೆಯ ಜನ ಹೇಗೆ ಎಂದು ನಿಮ್ಮ ಕಾಗದಗಳಲ್ಲಿ ಕೇಳುತ್ತೀರಿ. ನಮ್ಮ ಹಾಗೇ ಇದ್ದಾರೆ. ನಮ್ಮ ಹಿತ್ತಿಲಲ್ಲಿ ಕಟ್ಟಿಗೆ ಒಡೆಯುವವನು ಬೊಗಸೆಯೊಡ್ಡಿದರೆ ಅವ್ವ ಮೇಲಿನಿಂದ ನೀರು ಹೊಯ್ಯುತ್ತಿದ್ದಳು. ಅದನ್ನು ಹುಟ್ಟಿದಾಗಿನಿಂದ ಕಂಡಿದ್ದೇನೆ. ನಾಚಿಕೆಯಾಗಲು ಇಷ್ಟು ದೂರ ಬರಬೇಕಾಯಿತು. ಅಲ್ಲಿಗೆ ಮರಳಿ ಮೊದಲಿನಂತೆ ಇರಲಾರೆ. ಇಲ್ಲಿಯೂ ತಲೆಯೆತ್ತಿ ಓಡಾಡಲಾರೆ. ಆದರೂ ಅದೇ ಕೋಣೆಯಲ್ಲಿದ್ದೇನೆ.

ಮುನೆಮ್ಮನಂಥವರ ಕೈಯಿಂದ ಸೊಪ್ಪು ನೇರವಾಗಿ ತಟ್ಟೆಗೆ ಹೋಗುವ ಮನೆ ಯಾವ ಊರಿನಲ್ಲಾದರೂ ಇದ್ದರೆ ತಿಳಿದವರು ಬರೆಯಿರಿ. ಅಲ್ಲಿ ಈ ಮೈಲಿಗೆಯ ವಿರುದ್ಧ ಮೊದಲು ಬಾಯಿಬಿಟ್ಟವರು ಏನೆಂದರು ಎಂಬುದನ್ನೂ ಬರೆಯಿರಿ.